ರ್ಯಾಕ್ ಖಾಲಿ ಅಂತ ಹೇಳೋಕೆ ರೋಬೋ ಬೇಕಾ?

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದು ಎರಡು ಸೂಪರ್‌ಮಾರ್ಕೆಟ್. ದೊಡ್ಡದು ಸುಮಾರು 7,000 ಚದರಡಿ, ಕೆಳಗೊಂದು ಮೇಲೊಂದು ಮಹಡಿ. ಕಂಪ್ಯೂಟರಿನಲ್ಲಿ 9,000 ಐಟಂ ಇವೆ. ಗಿರಾಕಿ ಕೇಳಿದ ಮಾಲು ರ್ಯಾಕಿನಲ್ಲಿ ಇರೋದಿಲ್ಲ, ಕಂಪ್ಯೂಟರ್ ಮಾತ್ರ ‘14 ಇದೆ’ ಅನ್ನುತ್ತದೆ. ಇನ್ನು ಕೆಲವು ಸಲ ಮಾಲು ಗೋಡೌನಿನಲ್ಲೇ ಕೂತಿರುತ್ತದೆ, ಹುಡುಗರಿಗೆ ಗೊತ್ತೇ ಇರೋದಿಲ್ಲ. ಹೋದ ವರ್ಷ ನ್ಯೂಜೆರ್ಸಿಯಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಸ್ಟಾಪ್ ಅಂಡ್ ಶಾಪ್ ಅಂಗಡಿಯಲ್ಲಿ ದೊಡ್ಡ ಕಣ್ಣು ಅಂಟಿಸಿಕೊಂಡ ಬೂದು ಬಣ್ಣದ ರೋಬೋ ಓಡಾಡೋದು ನೋಡಿದೆ. ಸ್ಟಾಕ್ ನೋಡಿಕೊಳ್ಳೋದು ಅದೇ ಅಂದರು. ಅಂಥದ್ದು ತಂದರೆ ನಮ್ಮ ತಲೆನೋವು ತಪ್ಪುತ್ತಾ? ಕಳ್ಳತನ ನಿಲ್ಲುತ್ತಾ? ಇರುವ 22 ಹುಡುಗರಲ್ಲಿ ಕೆಲವರನ್ನು ಕಡಿಮೆ ಮಾಡಬಹುದಾ? ವಾಲ್‌ಮಾರ್ಟ್ ಇಂಥ ರೋಬೋಗಳನ್ನು ಕೈಬಿಟ್ಟಿತು ಅಂತಲೂ ಓದಿದ್ದೆ. ಯಾಕೆ?

ಉತ್ತರ: ನೀವು ನೋಡಿದ್ದು ಮಾರ್ಟಿ. ಅದು ಮುಖ್ಯವಾಗಿ ನೋಡುವುದು ರ್ಯಾಕನ್ನಲ್ಲ, ನೆಲವನ್ನು. ಬ್ಯಾಡ್ಜರ್ ಟೆಕ್ನಾಲಜೀಸ್ ತಯಾರಿಸಿದ ಈ ರೋಬೋಗಳನ್ನು ಸುಮಾರು 500ರಷ್ಟು ತರಿಸುವುದಾಗಿ ಸ್ಟಾಪ್ ಅಂಡ್ ಶಾಪ್, ಜೈಂಟ್ ಅಂಗಡಿಗಳ ಮಾತೃಸಂಸ್ಥೆ ಅಹೋಲ್ಡ್ ಡೆಲೇಜ್ 2019ರ ಜನವರಿಯಲ್ಲಿ ಪ್ರಕಟಿಸಿತು. ಚೆಲ್ಲಿದ ಹಾಲು, ಉದುರಿದ ದ್ರಾಕ್ಷಿ ಕಂಡರೆ ಅಲ್ಲೇ ನಿಂತು ಸ್ಪೀಕರಿನಲ್ಲಿ ಕೂಗಿ ಜನರನ್ನು ಕರೆಯುವುದು ಅದರ ಮೂಲ ಕಸುಬು. ಗಿರಾಕಿ ಜಾರಿ ಬಿದ್ದರೆ ಅಮೆರಿಕದಲ್ಲಿ ಪರಿಹಾರದ ಮೊಕದ್ದಮೆ ದೊಡ್ಡದಾಗುತ್ತದೆ, ಹಾಗಾಗಿ ಅಲ್ಲಿ ಆ ಕೆಲಸಕ್ಕೂ ಒಂದು ಬೆಲೆ ಇದೆ. ಕಣ್ಣುಗಳು ಬರೀ ಅಲಂಕಾರ, ನೋಡುವುದು ಕಂಬದಲ್ಲಿರುವ ಕ್ಯಾಮೆರಾ.

ಸ್ಟಾಕ್ ನೋಡುವ ರೋಬೋಗಳು ಬೇರೆ. 2015ರಲ್ಲಿ ಬಂದ ಸಿಂಬೆ ರೋಬಾಟಿಕ್ಸ್ ಕಂಪನಿಯ ಟ್ಯಾಲಿ ಅವುಗಳಲ್ಲಿ ಹೆಸರಾದದ್ದು (ನಿಮ್ಮ ಬಿಲ್ಲಿಂಗಿನ ಟ್ಯಾಲಿಗೂ ಇದಕ್ಕೂ ಸಂಬಂಧವಿಲ್ಲ). ಸೇಂಟ್ ಲೂಯಿಸ್ ಕಡೆಯ ಶ್ನಕ್ಸ್ ಎಂಬ ಕಿರಾಣಿ ಸರಪಳಿ 2017ರಲ್ಲಿ ಇದನ್ನು ಪರೀಕ್ಷೆಗೆ ತಂದು, 2021ರಲ್ಲಿ ತನ್ನ 111 ಅಂಗಡಿಗಳಿಗೂ ವಿಸ್ತರಿಸಿತು. ವಾಲ್‌ಮಾರ್ಟಿನದೇ ಸಗಟು ಮಳಿಗೆ ಸರಪಳಿ ಸ್ಯಾಮ್ಸ್ ಕ್ಲಬ್ ಬೇರೆ ದಾರಿ ಹಿಡಿಯಿತು. ನೆಲ ತೊಳೆಯುವ ಯಂತ್ರ ಹೇಗೂ ಇಡೀ ಅಂಗಡಿ ಸುತ್ತುತ್ತದಲ್ಲ, ಅದರ ಮೇಲೇ ಕ್ಯಾಮೆರಾ ಗೋಪುರ ಕೂರಿಸಿ, 2022ರ ಹೊತ್ತಿಗೆ ಸುಮಾರು 600 ಮಳಿಗೆಗಳಲ್ಲಿ ಒಂದೇ ಸುತ್ತಿನಲ್ಲಿ ಎರಡು ಕೆಲಸ ಮಾಡಿಸಿತು. ಈ ಮೂರರಲ್ಲಿ ನನಗೆ ಹೆಚ್ಚು ಬುದ್ಧಿವಂತಿಕೆಯದು ಅನ್ನಿಸುವುದು ಇದೇ.

ವಾಲ್‌ಮಾರ್ಟ್ ವಿಷಯ ನೀವು ಓದಿದ್ದು ನಿಜ. ಬೋಸಾ ನೋವಾ ಕಂಪನಿಯ ಆಳೆತ್ತರದ ರೋಬೋಗಳನ್ನು 2017ರಲ್ಲಿ 50 ಅಂಗಡಿಗಳಲ್ಲಿ ಶುರು ಮಾಡಿ, ಸುಮಾರು 500ರವರೆಗೆ ಹೋಗಿ, 2020ರ ನವೆಂಬರಿನಲ್ಲಿ ಒಪ್ಪಂದ ಮುಗಿಸಿತು. ಅದಕ್ಕೆ ಕಾರಣ ರೋಬೋ ಕೆಟ್ಟದ್ದಲ್ಲ. ಕೋವಿಡ್ ಕಾಲದಲ್ಲಿ ಆನ್‌ಲೈನ್ ಆರ್ಡರ್ ತುಂಬಿಸಲು ಹೆಚ್ಚು ನೌಕರರು ದಿನವಿಡೀ ರ್ಯಾಕುಗಳ ನಡುವೆ ನಡೆದಾಡತೊಡಗಿದರು. ಖಾಲಿ ಜಾಗ ಅವರ ಕಣ್ಣಿಗೇ ಬೀಳುತ್ತಿತ್ತು, ಅದನ್ನು ದಾಖಲಿಸುವ ಸರಳ ವಿಧಾನದಿಂದಲೂ ಹೆಚ್ಚುಕಡಿಮೆ ಅದೇ ಫಲ ಸಿಗುತ್ತದೆ ಎಂದು ಕಂಪನಿಗೆ ಕಂಡಿತು ಎಂದು ಆಗ ವರದಿಯಾಯಿತು. ನಿಮ್ಮ ಅಂಗಡಿಯಲ್ಲಿ 22 ಜನ ದಿನವಿಡೀ ಓಡಾಡುತ್ತಿದ್ದಾರೆ ಅನ್ನುವುದನ್ನು ಇಲ್ಲಿ ನೆನಪಿಟ್ಟುಕೊಳ್ಳಿ.

ಈಗ ಮುಖ್ಯ ಮಾತಿಗೆ ಬರೋಣ. ರೋಬೋ ಸ್ಟಾಕ್ ಎಣಿಸುತ್ತದೆ ಅನ್ನುವುದೇ ಅರ್ಧ ಸತ್ಯ. ಅದು ರ್ಯಾಕಿನ ಮುಂಭಾಗದ ಫೋಟೊ ತೆಗೆಯುತ್ತದೆ, ಅಷ್ಟೆ. ಆ ಫೋಟೊದಲ್ಲಿ ಮೂರು ಸಂಗತಿ ಹುಡುಕುತ್ತದೆ: ಎಲ್ಲಿ ಖಾಲಿ ಇದೆ, ರ್ಯಾಕಿನ ಅಂಚಿಗೆ ಅಂಟಿಸಿದ ಬೆಲೆ ಚೀಟಿ ಯಾವ ಐಟಮಿನದು, ಚೀಟಿಯ ಮೇಲಿರುವ ಮಾಲು ಅದೇ ಹೌದೋ ಅಲ್ಲವೋ. ಮುಂದೆ ಒಂದು ಪ್ಯಾಕೆಟ್ ಇದ್ದು ಹಿಂದೆ ಬಟಾಬಯಲಾಗಿದ್ದರೂ ಫೋಟೊದಲ್ಲಿ ಜಾಗ ತುಂಬಿದಂತೆಯೇ ಕಾಣುತ್ತದೆ. ಆಳ ಅಳೆಯುವ ಸಂವೇದಕ ಹಾಕಿದರೂ ಅದು ಮುಂದಿನ ಪ್ಯಾಕೆಟ್ಟಿಗೇ ತಾಗಿ ನಿಲ್ಲುತ್ತದೆ. ಹುಡುಗರು ಚೆನ್ನಾಗಿ ಕಾಣಲಿ ಎಂದು ಮಾಲನ್ನು ಮುಂದಕ್ಕೆ ಎಳೆದಿಟ್ಟಷ್ಟೂ ರೋಬೋ ಮೋಸ ಹೋಗುತ್ತದೆ.

ಗೋಡೌನಿನಲ್ಲಿ ಎಷ್ಟಿದೆ ಅನ್ನುವುದಂತೂ ಅದಕ್ಕೆ ಗೊತ್ತೇ ಆಗುವುದಿಲ್ಲ. ‘ಇಲ್ಲಿ ತೊಗರಿಬೇಳೆ ಇಲ್ಲ’ ಎಂದು ಅದು ಹೇಳಬಲ್ಲದು. ಯಾಕಿಲ್ಲ ಎಂದು ಹೇಳಲು ನಿಮ್ಮ ಕಂಪ್ಯೂಟರಿನ ಲೆಕ್ಕವನ್ನೇ ಕೇಳಬೇಕು. ಆ ಲೆಕ್ಕವೇ ಸುಳ್ಳಾದರೆ ರೋಬೋ ಕೊಡುವ ಪಟ್ಟಿಯೂ ಗೊಂದಲವೇ.

ಲೆಕ್ಕ ಸುಳ್ಳಾಗುವುದು ನಿಮ್ಮೊಬ್ಬರ ಪಾಡಲ್ಲ. ಅಮೆರಿಕದ ಒಂದು ಸರಪಳಿಯ 37 ಅಂಗಡಿಗಳಲ್ಲಿ ಸುಮಾರು 3.7 ಲಕ್ಷ ಐಟಂ ದಾಖಲೆಗಳನ್ನು ಪರಿಶೀಲಿಸಿ 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ 65ರಷ್ಟು ದಾಖಲೆಗಳು ನಿಜವಾದ ಸ್ಟಾಕಿಗೆ ಹೊಂದಿರಲಿಲ್ಲ. ಅದಕ್ಕೂ ಮುಂಚೆ, 2002ರ ಜಾಗತಿಕ ಅಧ್ಯಯನವೊಂದು ಅಂಗಡಿಗಳಲ್ಲಿ ಸರಾಸರಿ ಶೇ 8.3ರಷ್ಟು ಮಾಲು ರ್ಯಾಕಿನಲ್ಲಿ ಇರುವುದಿಲ್ಲ ಎಂದಿತ್ತು. ಅದರ ಕಾರಣಗಳ ಹಂಚಿಕೆ ಗಮನಿಸಿ: ಸುಮಾರು ಅರ್ಧದಷ್ಟು ಅಂಗಡಿಯವರೇ ಆರ್ಡರ್ ಹಾಕುವುದರಲ್ಲಿ, ಅಂದಾಜಿನಲ್ಲಿ ತಪ್ಪಿದ್ದು. ಕಾಲು ಭಾಗ ಮಾಲು ಅಂಗಡಿಯೊಳಗೇ ಇದ್ದೂ ರ್ಯಾಕಿಗೆ ಬಾರದಿದ್ದದ್ದು. ಕಂಪನಿಯಿಂದ, ಡಿಪೋದಿಂದ ಬಾರದೇ ಹೋದದ್ದು ಉಳಿದ ಕಾಲು ಭಾಗಕ್ಕಿಂತ ತುಸು ಹೆಚ್ಚು. ಡಿಸ್ಟ್ರಿಬ್ಯೂಟರನ್ನು ಬೈಯುವ ಮುಂಚೆ ಈ ಹಂಚಿಕೆ ನೆನಪಿರಲಿ.

ನಿಮ್ಮ ‘14 ಇದೆ’ ಎಲ್ಲಿಂದ ಹುಟ್ಟುತ್ತದೆ ನೋಡೋಣ.

ಕಿರಾಣಿಯಲ್ಲಿ ಮೊದಲ ಅನುಮಾನ ಪ್ಯಾಕಿಂಗ್ ಮೇಲೆ. 50 ಕೆಜಿ ತೊಗರಿಬೇಳೆ ಚೀಲ ಒಡೆದು 1 ಕೆಜಿ ಪ್ಯಾಕ್ ಮಾಡಿದರೆ ಧೂಳು, ಚೆಲ್ಲಿದ್ದು, ತಕ್ಕಡಿಯಲ್ಲಿ ಐದು-ಹತ್ತು ಗ್ರಾಂ ಕೈಬಿಚ್ಚಿ ಹಾಕಿದ್ದು ಎಲ್ಲ ಕಳೆದು 49 ಪ್ಯಾಕ್, ಮೇಲೆ ಒಂದಿಷ್ಟು ಉಳಿಯುತ್ತದೆ. ಎಂಟ್ರಿ ಮಾಡುವವನು ಕಣ್ಣುಮುಚ್ಚಿ 50 ಎಂದು ಒತ್ತುತ್ತಾನೆ. ಚೀಲಕ್ಕೊಂದರಂತೆ ಇಲ್ಲದ ಪ್ಯಾಕೆಟ್ ಹುಟ್ಟಿಕೊಂಡಿತು. 14 ಚೀಲ ಒಡೆಯುವ ಹೊತ್ತಿಗೆ ಕಂಪ್ಯೂಟರಿನಲ್ಲಿ 14 ಭೂತದ ಪ್ಯಾಕೆಟ್. ‘12ಕ್ಕಿಂತ ಕೆಳಗಿಳಿದರೆ ಪ್ಯಾಕ್ ಮಾಡಿಸು’ ಎಂದು ಮಿತಿ ಇಟ್ಟಿದ್ದರೆ ಆ ಸೂಚನೆ ಇನ್ನು ಬರುವುದೇ ಇಲ್ಲ. ರ್ಯಾಕ್ ಖಾಲಿ, ಮಾರಾಟ ಸೊನ್ನೆ, ಸ್ಟಾಕ್ 14. ಮಾರಾಟವಾಗದೆ ಸ್ಟಾಕ್ ಇಳಿಯುವುದಿಲ್ಲ, ಸ್ಟಾಕ್ ಇಳಿಯದೆ ಆರ್ಡರ್ ಏಳುವುದಿಲ್ಲ. ಯಾರಾದರೂ ಕಣ್ಣಿಂದ ನೋಡುವವರೆಗೆ ಅದು ಹಾಗೇ ಕೂತಿರುತ್ತದೆ.

ಎರಡನೆಯದು ಬಿಲ್ಲಿಂಗ್ ಕೌಂಟರ್. ಗಿರಾಕಿ ನಾಲ್ಕು ರುಚಿಯ ನಾಲ್ಕು ಚಿಪ್ಸ್ ತಂದರೆ, ಬೆಲೆ ಒಂದೇ ಎಂದು ಒಂದನ್ನು ಸ್ಕ್ಯಾನ್ ಮಾಡಿ 4 ಒತ್ತುವುದು. ಹಣ ಸರಿ, ಸ್ಟಾಕ್ ತಪ್ಪು. ನಮ್ಮ ದೇಶದ್ದೇ ಆದ ಇನ್ನೊಂದು ತೊಡಕು ಎಂಆರ್‌ಪಿ. ಬೆಲೆ ಪ್ಯಾಕೆಟ್ಟಿನ ಮೇಲೇ ಅಚ್ಚಾಗಿರುವುದರಿಂದ ಒಂದೇ ಬಾರ್‌ಕೋಡಿನ ಹಳೇ ಬೆಲೆ, ಹೊಸ ಬೆಲೆ ಎರಡೂ ಏಕಕಾಲಕ್ಕೆ ಅಂಗಡಿಯಲ್ಲಿರುತ್ತವೆ. ಸ್ಕ್ಯಾನ್ ಮಾಡಿದಾಗ ಪರದೆ ಎರಡು ಸಾಲು ತೋರಿಸಿ ‘ಯಾವುದು?’ ಎನ್ನುತ್ತದೆ. ರಶ್ಶಿನಲ್ಲಿ ಕ್ಯಾಷಿಯರ್ ಮೇಲಿನದನ್ನೇ ಒತ್ತುತ್ತಾರೆ. ಒಂದು ಸಾಲು ಮೈನಸ್ 6, ಇನ್ನೊಂದು ಪ್ಲಸ್ 6. ನಿಮ್ಮ ಸಾಫ್ಟ್‌ವೇರಿನಲ್ಲಿ ಮೈನಸ್ ಸ್ಟಾಕ್ ರಿಪೋರ್ಟ್ ಒಮ್ಮೆ ತೆಗೆದು ನೋಡಿ. ಅಲ್ಲಿ ಮೈನಸ್ ಇರುವ ಪ್ರತಿ ಸಾಲಿಗೂ ಎಲ್ಲೋ ಒಂದು ಸುಳ್ಳು ಪ್ಲಸ್ ಜೋಡಿ ಇರುವ ಸಂಭವ ಹೆಚ್ಚು. ಆರ್ಡರ್ ಲೆಕ್ಕ ಎಂಆರ್‌ಪಿ ಸಾಲಿನ ಮೇಲೆ ನಡೆಯದೆ ಐಟಮಿನ ಒಟ್ಟು ಸ್ಟಾಕಿನ ಮೇಲೆ ನಡೆಯುವಂತೆ ಸಾಫ್ಟ್‌ವೇರಿನವರಿಂದ ಬದಲಾಯಿಸಿಕೊಳ್ಳಿ. ಖರ್ಚು ಕಡಿಮೆ, ಲಾಭ ಆ ವಾರವೇ ಕಾಣುತ್ತದೆ.

ಉಳಿದದ್ದು ಎಲ್ಲರಿಗೂ ಗೊತ್ತಿರುವಂಥದ್ದು: ಬಂದ ಮಾಲನ್ನು ಎಣಿಸದೆ ಇನ್‌ವರ್ಡ್ ಹಾಕಿದ್ದು, ಎಕ್ಸ್‌ಪೈರಿ ಮಾಲು ಸೇಲ್ಸ್‌ಮನ್ ಕೈಗೆ ಕೊಟ್ಟು ಎಂಟ್ರಿ ಮರೆತದ್ದು, ಇಲಿ ಕಡಿದದ್ದು, ಕದ್ದದ್ದು.

ಕಳ್ಳತನದ ಬಗ್ಗೆ ಕೇಳಿದಿರಿ. ಈ ರೋಬೋ ದಿನಕ್ಕೆ ಎರಡು-ಮೂರು ಸುತ್ತು ಹೊಡೆಯುತ್ತದೆ, ನಿಂತು ಕಾಯುವುದಿಲ್ಲ. ಬೆಳಿಗ್ಗೆ ಇದ್ದ ಡಿಯೋಡರೆಂಟ್ ಮಧ್ಯಾಹ್ನ ಇಲ್ಲ, ಬಿಲ್ಲೂ ಆಗಿಲ್ಲ ಎಂದು ತಿಳಿಯಬಹುದು, ಕದ್ದವರು ಯಾರು ಎಂದಲ್ಲ. ಅದಕ್ಕೆ ಈಗಿರುವ ಸಿಸಿಟಿವಿಯೇ ಸಾಕು. ಹುಡುಗರನ್ನು ಕಡಿಮೆ ಮಾಡುವ ಲೆಕ್ಕವೂ ಕೂಡಿ ಬರುವುದಿಲ್ಲ. ರೋಬೋಗೆ ಕೈಯಿಲ್ಲ. ಖಾಲಿ ಜಾಗ ಹುಡುಕಿ ಪಟ್ಟಿ ಕೊಡುತ್ತದೆ, ತುಂಬಲು ಜನ ಬೇಕು. ಮೊದಲ ತಿಂಗಳಲ್ಲಿ ಪಟ್ಟಿ ಎಷ್ಟು ಉದ್ದ ಬರುತ್ತದೆಂದರೆ ಫಿಲ್ಲಿಂಗ್ ಹುಡುಗರ ಕೆಲಸ ಹೆಚ್ಚೇ ಆಗುತ್ತದೆ.

ಇನ್ನು ನಿಮ್ಮ ಅಂಗಡಿಯಲ್ಲಿ ರೋಬೋ ಓಡೀತೇ ಎಂಬುದು. ಎರಡು ಮಹಡಿ ಅಂದರೆ ಎರಡು ರೋಬೋ, ಮೆಟ್ಟಿಲು ಹತ್ತುವುದು ಅದರಿಂದ ಆಗದು. ರ್ಯಾಕುಗಳ ನಡುವಿನ ಓಣಿ ಎಷ್ಟಿದೆ ಟೇಪ್ ಹಿಡಿದು ಅಳೆಯಿರಿ. ನಮ್ಮ ಊರುಗಳ ಅಂಗಡಿಗಳಲ್ಲಿ ಹೆಸರಿಗೆ ಮೂರೂವರೆ ಅಡಿ ಇದ್ದರೂ ಎಣ್ಣೆ ಡಬ್ಬ, ಒಡೆಯದ ರಟ್ಟಿನ ಪೆಟ್ಟಿಗೆ ನೆಲದಲ್ಲಿಟ್ಟು ಎರಡೂವರೆ ಅಡಿ ಉಳಿದಿರುತ್ತದೆ. ಅಲ್ಲಿ ರೋಬೋ ನುಸುಳಿದರೂ ನೋಡಲಾರದು. ಕ್ಯಾಮೆರಾದ ನೋಟ 60 ಡಿಗ್ರಿ ಅಂತಿಟ್ಟುಕೊಳ್ಳಿ: ರ್ಯಾಕಿನಿಂದ 75 ಸೆಂ.ಮೀ. ದೂರದಲ್ಲಿ ಅದಕ್ಕೆ 87 ಸೆಂ.ಮೀ. ಎತ್ತರ ಕಾಣುತ್ತದೆ, 30 ಸೆಂ.ಮೀ. ದೂರದಲ್ಲಿ ಬರೀ 35. ಎರಡು ಮೀಟರ್ ರ್ಯಾಕಿಗೆ ಮೊದಲನೆಯದರಲ್ಲಿ ಮೂರು ಕ್ಯಾಮೆರಾ ಸಾಕು, ಎರಡನೆಯದರಲ್ಲಿ ಆರು-ಏಳು ಬೇಕು.

ಕ್ಯಾಮೆರಾ ಅಂದರೆ ಯಾವುದೋ ಒಂದು ಸಾಲದು. ಇಎಎನ್-13, ಅಂದರೆ ಮಾಲಿನ ಮೇಲಿರುವ ಸಾಮಾನ್ಯ 13 ಅಂಕಿಯ ಬಾರ್‌ಕೋಡಿನಲ್ಲಿ 95 ಸೂಕ್ಷ್ಮ ಪಟ್ಟಿಗಳು, ಪೂರ್ಣ ಅಳತೆಯಲ್ಲಿ ಒಂದೊಂದರ ಅಗಲ 0.33 ಮಿ.ಮೀ. ಅದನ್ನು ಓದಲು ಒಂದು ಪಟ್ಟಿಗೆ ಎರಡು ಪಿಕ್ಸೆಲ್ ಆದರೂ ಬೀಳಬೇಕು. ಅಂದರೆ ಎರಡು ಮೀಟರ್ ಎತ್ತರಕ್ಕೆ 12 ಸಾವಿರ ಪಿಕ್ಸೆಲ್. ಬೆಲೆ ಚೀಟಿಯಲ್ಲಿ ಜಾಗ ಉಳಿಸಲು ಬಾರ್‌ಕೋಡನ್ನು ಶೇ 80ಕ್ಕೆ ಕುಗ್ಗಿಸಿದ್ದರೆ ಇನ್ನೂ ಹೆಚ್ಚು. ರೋಬೋ ನಡೆಯುತ್ತಲೇ ಫೋಟೊ ತೆಗೆಯುತ್ತದೆ. ಸೆಕೆಂಡಿಗೆ 30 ಸೆಂ.ಮೀ. ನಡೆದರೆ, ಸಾವಿರದಲ್ಲಿ ಒಂದು ಸೆಕೆಂಡ್ ಕಣ್ಣು ತೆರೆದರೂ ಚಿತ್ರ 0.3 ಮಿ.ಮೀ. ಎಳೆದುಹೋಗಿ ಪಟ್ಟಿಗಳು ಒಂದಕ್ಕೊಂದು ಕಲಸಿಹೋಗುತ್ತವೆ. ಅದರ ಕಾಲು ಭಾಗದಷ್ಟು ಹೊತ್ತಿನಲ್ಲಿ ಮುಗಿಸಬೇಕು, ಅದಕ್ಕೆ ಮೈಯುದ್ದಕ್ಕೂ ಜೋರಾದ ಎಲ್‌ಇಡಿ ಬೇಕು, ಆ ಬೆಳಕು ಪ್ಲಾಸ್ಟಿಕ್ ಹೊದಿಕೆಯ ಚೀಟಿಗೆ ಬಿದ್ದು ಮಿಂಚಿದರೆ ಅದೂ ಓದಲಾಗದು. ಹಾಗಾಗಿ ಈ ಯಂತ್ರಗಳು ದುಬಾರಿ. ಬಹುಮಟ್ಟಿಗೆ ತಿಂಗಳ ಬಾಡಿಗೆಯ ಮೇಲೆ ಕೊಡುತ್ತಾರೆ, ಚಿತ್ರ ಓದುವ ಸಾಫ್ಟ್‌ವೇರ್ ಅದರೊಳಗೇ ಸೇರಿರುತ್ತದೆ.

ಹಬೆ ಕಟ್ಟಿದ ಫ್ರೀಜರ್ ಗಾಜು, ಮಾಲೆಯಂತೆ ನೇತುಹಾಕಿದ ಶಾಂಪೂ ಸ್ಯಾಶೆ, ಡಬ್ಬದಲ್ಲಿ ಬಿಡಿಯಾಗಿ ಸುರಿದ ಅಕ್ಕಿ, ಕುಸಿದು ಮಲಗಿದ ಅವಲಕ್ಕಿ ಪ್ಯಾಕ್ — ಇವೆಲ್ಲ ಅಲ್ಲಿಯ ರೋಬೋಗೆ ಕಷ್ಟದ ಚಿತ್ರಗಳು. ಅಮೆರಿಕದ ರ್ಯಾಕಿನಲ್ಲಿ ಮಾಲು ಹೆಚ್ಚಾಗಿ ನೆಟ್ಟಗೆ ನಿಂತ ಡಬ್ಬಿ, ಬಾಟಲಿ. ನಮ್ಮದು ಪೌಚಿನ ಲೋಕ.

ಹಾಗಾದರೆ ಏನು ಮಾಡುವುದು? ನನ್ನ ಸಲಹೆ, ಮೂರು ತಿಂಗಳು ರೋಬೋದ ಕೆಲಸವನ್ನು ಮನುಷ್ಯನಿಂದ ಮಾಡಿಸಿ. ಮೊದಲ ವಾರ ಪ್ರತಿ ರ್ಯಾಕಿಗೆ ನಂಬರ್ ಬರೆಯಿರಿ. ಪ್ರತಿ ಐಟಮಿನ ಕೆಳಗೆ ಚೀಟಿ ಇರಬೇಕು. ಚೀಟಿಯಲ್ಲಿ ಹೆಸರು, ಬಾರ್‌ಕೋಡ್, ಮುಂಭಾಗದಲ್ಲಿ ಎಷ್ಟು ಸಾಲು, ಒಟ್ಟು ಎಷ್ಟು ಹಿಡಿಸುತ್ತದೆ ಎಂಬ ಸಂಖ್ಯೆ ಹಾಕಿ. ಒಂದು ಕಟ್ಟಪ್ಪಣೆ ಕೊಡಿ: ಖಾಲಿ ಜಾಗಕ್ಕೆ ಪಕ್ಕದ ಮಾಲನ್ನು ಎಳೆದು ಮುಚ್ಚಬಾರದು. ನೋಡಲು ಚೆಂದ ಎಂದು ಎಲ್ಲ ಅಂಗಡಿಯಲ್ಲೂ ಮಾಡುವ ಈ ಕೆಲಸದಿಂದಲೇ ಖಾಲಿಯಾದ ಸುದ್ದಿ ಮಾಲೀಕರಿಗೆ ಮುಟ್ಟುವುದಿಲ್ಲ.

ಆಮೇಲೆ ದಿನಕ್ಕೆರಡು ಸುತ್ತು. ಬಾಗಿಲು ತೆಗೆಯುವ ಮುಂಚೆ ಒಂದು, ಸಂಜೆಯ ರಶ್ಶಿಗೆ ಮುಂಚೆ ನಾಲ್ಕೂವರೆಗೆ ಇನ್ನೊಂದು. ಒಬ್ಬರು ಫೋನ್ ಹಿಡಿದು ಖಾಲಿ ಜಾಗದ ಚೀಟಿಗಳನ್ನಷ್ಟೇ ಸ್ಕ್ಯಾನ್ ಮಾಡುತ್ತಾ ಹೋಗಬೇಕು. ತುಂಬುವವರು ಬೇರೆ, ಸ್ಕ್ಯಾನ್ ಮಾಡುವವರು ಬೇರೆ ಆಗಿರಲಿ, ಇಲ್ಲದಿದ್ದರೆ ತುಂಬುವ ಕೆಲಸ ತಪ್ಪಿಸಲು ಖಾಲಿಯೇ ಕಾಣದೇ ಹೋಗುತ್ತದೆ. ಪ್ರತಿ ಖಾಲಿ ಜಾಗಕ್ಕೂ ಮೂರರಲ್ಲೊಂದು ಗುರುತು: ಒಂದು, ಗೋಡೌನಿನಲ್ಲಿ ಸಿಕ್ಕಿತು, ತುಂಬಿದೆವು; ಎರಡು, ಕಂಪ್ಯೂಟರಿನಲ್ಲೂ ಸೊನ್ನೆ, ಮಾಲು ಬರಬೇಕು; ಮೂರು, ಕಂಪ್ಯೂಟರಿನಲ್ಲಿ ಇದೆ, ಎಲ್ಲೂ ಸಿಗಲಿಲ್ಲ. ಮೂರನೆಯದನ್ನು ಅವತ್ತೇ ಸೊನ್ನೆಗೆ ತಂದು ಆರ್ಡರ್ ಏಳಿಸಿ. ಸೊನ್ನೆ ಮಾಡುವ ಮುಂಚೆ ಆಫರ್ ಸ್ಟ್ಯಾಂಡ್, ಕೌಂಟರ್ ಪಕ್ಕದ ಬುಟ್ಟಿ, ಮೇಲಿನ ಮಹಡಿ ಮೂರನ್ನೂ ನೋಡಿರಬೇಕು. ಆತುರದಲ್ಲಿ ಸೊನ್ನೆ ಮಾಡಿ ಮಾಲು ತರಿಸಿದ ಮೇಲೆ ಹಳೇ ಪೆಟ್ಟಿಗೆ ಸಿಕ್ಕರೆ ಎಕ್ಸ್‌ಪೈರಿ ನಿಮ್ಮ ತಲೆಗೇ ಬರುತ್ತದೆ. ನಾಲ್ಕು ವಾರದ ಗುರುತುಗಳನ್ನು ಕೂಡಿಸಿ. ಮೊದಲನೆಯದು ಹೆಚ್ಚಿದ್ದರೆ ಫಿಲ್ಲಿಂಗ್ ಹುಡುಗರ ಸಮಯ ಬದಲಿಸಿ, ಎರಡನೆಯದಾದರೆ ಆರ್ಡರ್ ದಿನ, ಮಿತಿ ಬದಲಿಸಿ, ಮೂರನೆಯದಾದರೆ ಬಿಲ್ಲಿಂಗ್, ಪ್ಯಾಕಿಂಗ್ ಕಡೆ ನೋಡಿ.

ಎಣಿಕೆಗೆ ವರ್ಷಕ್ಕೊಮ್ಮೆ ಅಂಗಡಿ ಮುಚ್ಚಬೇಕಾಗಿಲ್ಲ. ಹೆಚ್ಚು ಓಡುವ 500 ಐಟಂ ವಾರಕ್ಕೊಮ್ಮೆ, ಉಳಿದ 8,500 ಮೂರು ತಿಂಗಳಿಗೊಮ್ಮೆ ಎಂದಿಟ್ಟುಕೊಂಡರೆ ವಾರಕ್ಕೆ ಆರು ದಿನದ ಲೆಕ್ಕದಲ್ಲಿ ದಿನಕ್ಕೆ 190ರ ಆಸುಪಾಸು ಬರುತ್ತದೆ. ಇಬ್ಬರು ಬೆಳಿಗ್ಗೆ ಎರಡು ತಾಸು ಕೂತರೆ ಮುಗಿಯುತ್ತದೆ. ಬಿಲ್ಲಿಂಗ್ ಶುರುವಾದ ಮೇಲೆ ಎಣಿಸಬೇಡಿ, ಎಣಿಸುತ್ತಿರುವಾಗಲೇ ಮಾರಿದ್ದು ಹೊಸ ತಪ್ಪಾಗುತ್ತದೆ.

ಇನ್ನೊಂದು ಉಪಾಯಕ್ಕೆ ಕ್ಯಾಮೆರಾವೂ ಬೇಡ, ಸುತ್ತೂ ಬೇಡ. ಸ್ಟಾಕ್ ಇದ್ದೂ ಮಾರಾಟವಾಗದ ಐಟಮುಗಳ ಪಟ್ಟಿ ದಿನಾ ತೆಗೆಯಿರಿ. ದಿನದ ಸರಾಸರಿ ಮಾರಾಟವನ್ನು ಮಾರಾಟವಾಗದ ದಿನಗಳಿಂದ ಗುಣಿಸಿ. 5 ದಾಟಿದರೆ ಹೋಗಿ ನೋಡಿ. ದಿನಕ್ಕೆ 6 ಹೋಗುವ ತೊಗರಿಬೇಳೆ ಒಂದೇ ದಿನ ಸೊನ್ನೆಯಾದರೂ ಅನುಮಾನ. ದಿನಕ್ಕೆ 1 ಹೋಗುವ ಸಾರಿನಪುಡಿಗೆ ಐದು ದಿನ ಕಾಯಬಹುದು. ಗುಣಲಬ್ಧ 5 ಇದ್ದಾಗ ಅದು ಬರೀ ಆಕಸ್ಮಿಕವಾಗಿ ಸೊನ್ನೆಯಾಗಿರುವ ಸಂಭವ 150ರಲ್ಲಿ ಒಂದು. ಆದರೆ ಸರಾಸರಿ ತೆಗೆಯುವಾಗ ತಿಂಗಳ ಮೊದಲ ವಾರದ ಸಂಬಳದ ಮಾರಾಟವನ್ನು ಬೇರೆ ಇಡಿ, ಇಲ್ಲವಾದರೆ 25ನೇ ತಾರೀಕಿನ ಹೊತ್ತಿಗೆ ಪಟ್ಟಿ ತುಂಬ ಸುಳ್ಳು ಎಚ್ಚರಿಕೆ ಬರುತ್ತದೆ.

ಇಷ್ಟಾದ ಮೇಲೂ ಯಂತ್ರ ಬೇಕೆನಿಸಿದರೆ ರೋಬೋಗಿಂತ ಮುಂಚೆ ಎದುರು ರ್ಯಾಕಿಗೆ ಕೂರಿಸುವ ಪುಟ್ಟ ಕ್ಯಾಮೆರಾ ಯೋಚಿಸಿ. ಫೋಕಲ್ ಸಿಸ್ಟಮ್ಸ್‌ನಂಥವರು ಇದನ್ನೇ ಮಾಡುತ್ತಾರೆ. ತಾಸಿಗೊಮ್ಮೆ ಫೋಟೊ, ಓಣಿ ಅಗಲದ ಗೊಡವೆಯೂ ಕಡಿಮೆ. ತೊಂದರೆ ಏನೆಂದರೆ ಎದುರು ಗಿರಾಕಿಯೋ ಟ್ರಾಲಿಯೋ ನಿಂತರೆ ಆ ಫೋಟೊ ವ್ಯರ್ಥ, ರ್ಯಾಕ್ ಜರುಗಿಸಿದರೆ ಎಲ್ಲ ಮತ್ತೆ ಹೊಂದಿಸಬೇಕು. ಎಲ್ಲ ರ್ಯಾಕಿಗೂ ಹಾಕಬೇಡಿ. ಎಣ್ಣೆ, ಬೇಳೆ, ಹಾಲು-ಮೊಸರಿನ ಕಡೆ ಹಾಕಿ ನೋಡಿ. ಫೋನಿನಲ್ಲಿ ತೆಗೆದ ರ್ಯಾಕಿನ ಫೋಟೊದಿಂದಲೇ ಐಟಂ ಗುರುತಿಸುವ ಸಾಫ್ಟ್‌ವೇರೂ ಇದೆ, ಬೆಂಗಳೂರಿನ ಇನ್ಫಿಲೆಕ್ಟ್‌ನಂಥ ಕಂಪನಿಗಳು ಇದನ್ನು ಮಾಡುತ್ತವೆ. ಕ್ಯಾಮೆರಾ ಯಾವುದೇ ಇರಲಿ, ಗಿರಾಕಿಗಳ ಮುಖ ಅದರಲ್ಲಿ ಬೀಳುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ಇರುವುದರಿಂದ ಮುಖ ಮಸುಕು ಮಾಡುವ ವ್ಯವಸ್ಥೆ ಇದೆಯೇ, ಫೋಟೊ ಎಷ್ಟು ದಿನ ಇಡುತ್ತಾರೆ ಎಂದು ಬರಹದಲ್ಲಿ ಪಡೆದುಕೊಳ್ಳಿ.

ಯಾರಾದರೂ ಡೆಮೊ ಕೊಡಲು ಬಂದರೆ ಅವರು ಕೇಳುವ ಚೊಕ್ಕಟ ಬಿಸ್ಕತ್ ರ್ಯಾಕಿನ ಮುಂದೆ ನಿಲ್ಲಿಸಬೇಡಿ. ಒಂದು ಕಡೆ ಮುಂದೊಂದೇ ಪ್ಯಾಕೆಟ್ ಇಟ್ಟು ಹಿಂದೆಲ್ಲ ಖಾಲಿ ಮಾಡಿ, ಇನ್ನೊಂದು ಕಡೆ ಉದ್ದಿನಬೇಳೆ ಚೀಟಿಯ ಮೇಲೆ ಹೆಸರುಬೇಳೆ ಇಡಿ, ಮೂರನೆಯದಾಗಿ ಸ್ಯಾಶೆ ಮಾಲೆಗಳಲ್ಲಿ ನಾಲ್ಕನ್ನು ಬಿಚ್ಚಿಡಿ. ಆಮೇಲೆ ಪಟ್ಟಿ ಕೊಡಿ ಎನ್ನಿ. ನೀವು ಬೇಕೆಂದೇ ಮಾಡಿಟ್ಟ ತಪ್ಪುಗಳಲ್ಲಿ ಎಷ್ಟು ಬಂತು, ಇಲ್ಲದ್ದು ಎಷ್ಟು ಬಂತು, ಎರಡನ್ನೂ ಬರೆದುಕೊಂಡು ನಿಮ್ಮ ಹುಡುಗ ಅದೇ ರ್ಯಾಕಿಗೆ ಬರೆದ ಪಟ್ಟಿಯ ಪಕ್ಕ ಇಟ್ಟು ನೋಡಿ.